ಜಲ್ಲಿ ಗಣಿಯ ಮೇಲಿನ ತೊರೆ: ನೀರಿನ ಲೆಕ್ಕದಿಂದ ಕಲ್ಲಿನ ಲೆಕ್ಕದವರೆಗೆ

ಕೆನಡಾದ ಪಶ್ಚಿಮ ಕರಾವಳಿಯಲ್ಲಿ, ವ್ಯಾಂಕೂವರ್ ನಗರದ ಉತ್ತರಕ್ಕೆ, ಬೆಟ್ಟಗಳ ನಡುವೆ ಒಳನುಗ್ಗಿದ ಹೌ ಸೌಂಡ್ ಎಂಬ ಕಡಲ ಚಾಚು ಇದೆ. ಅದರ ಪೂರ್ವ ದಂಡೆಯ ಬ್ರಿಟಾನಿಯಾ ಬೀಚ್ ಒಂದು ಕಾಲಕ್ಕೆ ತಾಮ್ರದ ಗಣಿಯ ಊರು. 1921ರ ಅಕ್ಟೋಬರ್ 28ರಂದು ಜಡಿಮಳೆ ಸುರಿಯುತ್ತಿತ್ತು. ರೈಲು ಹಳಿಗಾಗಿ ಗಣಿಯವರು ತೊರೆಗೆ ಅಡ್ಡಲಾಗಿ ಸುರಿದಿದ್ದ ಮಣ್ಣಿನ ಹಿಂದೆ ನೀರು ಕಟ್ಟಿಕೊಂಡು, ಕೊನೆಗೆ ಒಡೆದು ಊರಿನ ಮೇಲೆ ನುಗ್ಗಿತು. 37 ಜನ ಸತ್ತರು. ಸರಿಯಾಗಿ 60 ವರ್ಷಗಳ ಬಳಿಕ, 1981ರ ಅಕ್ಟೋಬರ್ 28ರಂದು, ಅದೇ ದಂಡೆಯ ಎಂ ಕ್ರೀಕ್ ಎಂಬ ಪುಟ್ಟ ತೊರೆಯಲ್ಲಿ ಕಲ್ಲು, ಕೆಸರು, ಮರದ ದಿಮ್ಮಿಗಳು ಒಟ್ಟಾಗಿ ಇಳಿದು ಹೆದ್ದಾರಿಯ ಸೇತುವೆಯನ್ನು ಕಿತ್ತುಕೊಂಡು ಹೋದವು. ಕತ್ತಲಲ್ಲಿ ಬಂದ ವಾಹನಗಳು ಒಂದರ ಹಿಂದೊಂದು ಕಂದಕಕ್ಕೆ ಬಿದ್ದು 9 ಮಂದಿ ತೀರಿಕೊಂಡರು.

ತಾರೀಖು ಒಂದೇ ಆದದ್ದು ಕಾಕತಾಳೀಯವಾದರೂ ಋತು ಒಂದೇ ಆದದ್ದು ಹಾಗಲ್ಲ. ಶರತ್ಕಾಲ ಬಂತೆಂದರೆ ಆ ಕರಾವಳಿಗೆ ದೊಡ್ಡ ಮಳೆಗಳು ಶುರುವಾಗುತ್ತವೆ. 1921ರದ್ದು ಮನುಷ್ಯ ತಾನೇ ಕಟ್ಟಿಹಾಕಿದ ನೀರು. 1981ರದ್ದು ಬೆಟ್ಟ ತಾನಾಗಿ ಕಲಸಿ ಇಳಿಸಿದ ಕಲ್ಲು. ಬೆಟ್ಟದ ಬುಡದಲ್ಲಿ ಜಲ್ಲಿ ಗಣಿ ತೆರೆಯಲು ಹೊರಟವರು ಇವೆರಡನ್ನೂ ಎಣಿಸಬೇಕು. ಮೊದಲನೆಯದನ್ನು ಎಣಿಸುವುದನ್ನು ಎಂಜಿನಿಯರುಗಳು ಬೇಗ ಕಲಿತರು. ಎರಡನೆಯದು ಬಹಳ ತಡವಾಗಿ ಬಂತು, ಇನ್ನೂ ಪೂರ್ತಿ ಬಂದಿಲ್ಲ.

ಇಂಥ ಅಪಾಯದ ಜಾಗದಲ್ಲೇ ಗಣಿ ಯಾಕೆ ಎಂದರೆ, ಜಲ್ಲಿ ಇರುವುದೇ ಅಲ್ಲಿ. ಕಡಿದಾದ ಕಣಿವೆಯಿಂದ ಹೊರಬಿದ್ದ ತೊರೆ ಸಮತಟ್ಟು ಕಂಡೊಡನೆ ಹೊತ್ತದ್ದನ್ನೆಲ್ಲ ಬೀಸಣಿಗೆಯಂತೆ ಹರಡಿ ಬಿಡುತ್ತದೆ. ನೂರಾರು ಪ್ರವಾಹಗಳು ಹೀಗೆ ಪೇರಿಸಿದ ಗುಂಡುಕಲ್ಲು, ಮರಳೇ ಕಾಂಕ್ರೀಟಿಗೆ ಬೇಕಾದ ಸರಕು. ಹೌ ಸೌಂಡಿನ ಎದುರು ದಂಡೆಯಲ್ಲಿ ಮ್ಯಾಕ್‌ನ್ಯಾಬ್ ತೊರೆಯ ಬಾಯಿಯಲ್ಲಿ ಪ್ರಸ್ತಾಪವಾದ ಜಲ್ಲಿ ಗಣಿ ವರ್ಷಗಟ್ಟಲೆ ವಾದವಿವಾದ ದಾಟಿ 2018ರಲ್ಲಿ ಪರಿಸರ ಅನುಮತಿ ಪಡೆಯಿತು. ಅಲ್ಲಿನ ಸರಕೂ ತೊರೆ, ಹಿಮನದಿಗಳು ತಂದದ್ದೇ.

ಇಂಥ ತೊರೆಗಳನ್ನು ಅರಿತು ತಡೆಯುವ ಶಾಸ್ತ್ರದ ಮೊದಲ ಗಟ್ಟಿ ಹೆಜ್ಜೆ ಫ್ರಾನ್ಸಿನದು. ರಸ್ತೆ-ಸೇತುವೆ ಇಲಾಖೆಯ ಎಂಜಿನಿಯರ್ ಅಲೆಕ್ಸಾಂಡ್ರ್ ಸ್ಯುರೆಲ್ 1841ರಲ್ಲಿ ಆಲ್ಪ್ಸ್ ತೊರೆಗಳ ಬಗ್ಗೆ ಬರೆದ ಪುಸ್ತಕದಲ್ಲಿ ತೊರೆಯನ್ನು ಮೂರು ಪಾಲು ಮಾಡಿದ: ಮಳೆಯನ್ನೂ ಕಲ್ಲನ್ನೂ ಕೂಡಿಸುವ ಮೇಲಿನ ಬಟ್ಟಲು, ಸಾಗಿಸುವ ಇಕ್ಕಟ್ಟಿನ ಕಣಿವೆ, ಸುರಿಯುವ ಬುಡದ ದಿಬ್ಬ. ಇಂದಿನ ಅಪಾಯ ನಕ್ಷೆಗಳಲ್ಲೂ ಇರುವುದು ಈ ಮೂರೇ ಪಾಲು. ಕಾಡು ಬೋಳಾದದ್ದೇ ತೊರೆ ಕೆರಳಲು ಕಾರಣ ಎಂದು ಅವನು ನಂಬಿದ್ದ. ಹಾಗಾಗಿ 1860ರ ಫ್ರೆಂಚ್ ಕಾನೂನು ಗಿಡ ನೆಡಲು ಹೊರಟಿತು. 1884ರಲ್ಲಿ ಆಸ್ಟ್ರಿಯಾ, 1897ರಲ್ಲಿ ಜಪಾನ್ ತಂತಮ್ಮ ಕಾಯ್ದೆ ತಂದು ಕಣಿವೆಗಳಲ್ಲಿ ಸಾಲುಸಾಲಾಗಿ ತಡೆಗೋಡೆ ಕಟ್ಟಿದವು.

ಲಾಸ್ ಏಂಜಲೀಸ್ ಬೇರೆ ದಾರಿ ಹಿಡಿಯಿತು. 1934ರ ಹೊಸವರ್ಷದ ರಾತ್ರಿ, ಕಾಳ್ಗಿಚ್ಚಿನಲ್ಲಿ ಸುಟ್ಟ ಬೆಟ್ಟದಿಂದ ಇಳಿದ ಕೆಸರು ಮಾಂಟ್ರೋಸ್ ಬಡಾವಣೆಗಳನ್ನು ಹೂತ ಮೇಲೆ, ಕಣಿವೆಗಳ ಬಾಯಲ್ಲೇ ದೊಡ್ಡ ಹೊಂಡ ತೋಡಿ ಕಲ್ಲು ಹಿಡಿಯುವ ಪದ್ಧತಿ ಅಲ್ಲಿ ಬಲವಾಯಿತು. ಹೊಂಡ ತುಂಬಿದಾಗ ಲಾರಿ ತಂದು ಖಾಲಿ ಮಾಡಲೇಬೇಕು. ಒಂದು ಲೆಕ್ಕಕ್ಕೆ ಅದು ಲಾಭವಿಲ್ಲದ ಜಲ್ಲಿ ಗಣಿ.

ಗಣಿಯ ಕಡೆಯಿಂದ ಪಾಠ ಬಂದದ್ದು ವೇಲ್ಸ್‌ನಿಂದ. 1966ರ ಅಕ್ಟೋಬರ್ 21ರಂದು ಆಬರ್‌ಫ್ಯಾನ್‌ನಲ್ಲಿ ಕಲ್ಲಿದ್ದಲು ಗಣಿಯ ತ್ಯಾಜ್ಯದ ಗುಡ್ಡ ಜಾರಿ ಶಾಲೆಯ ಮೇಲೆ ಬಿತ್ತು. ಸತ್ತ 144 ಜನರಲ್ಲಿ 116 ಮಕ್ಕಳು. ಗುಡ್ಡೆ ಹಾಕಿದ್ದು ಒರತೆಯ ಮೇಲೆ. ಆ ಒರತೆ ನಕ್ಷೆಯಲ್ಲೇ ಇತ್ತು. 1969ರಲ್ಲಿ ಬ್ರಿಟನ್ ಗಣಿ ಮತ್ತು ಕ್ವಾರಿಗಳ ತ್ಯಾಜ್ಯಗುಡ್ಡೆಗಳಿಗೆಂದೇ ಕಾಯ್ದೆ ಮಾಡಿತು. ಸುರಿದ ಮಣ್ಣಿನ ಅಡಿಯಲ್ಲಿ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ಅಂದಿನಿಂದ ಕಾನೂನಿನ ಪ್ರಶ್ನೆಯಾಯಿತು.

ಕಲ್ಲು, ಮಣ್ಣು, ನೀರು ಕೂಡಿ ಹೇಗೆ ಹರಿಯುತ್ತವೆ ಎಂಬುದಕ್ಕೆ ಭೌತಶಾಸ್ತ್ರದ ಉತ್ತರ ನಿಧಾನವಾಗಿ ಬಂತು. ಮರುಭೂಮಿಯ ಮರಳಿನ ಅಧ್ಯಯನಕ್ಕೆ ಹೆಸರಾದ ಬ್ಯಾಗ್ನಾಲ್ಡ್ 1954ರಲ್ಲಿ ದ್ರವದಲ್ಲಿ ಮೇಣದ ಗುಂಡುಗಳನ್ನು ತಿರುಗಿಸಿ, ಕಣಗಳು ಪರಸ್ಪರ ಡಿಕ್ಕಿಯಾಗುವ ಒತ್ತಡ ಅಳೆದ. ಅವನ ಉಪಕರಣದಲ್ಲೇ ದೋಷವಿತ್ತೆಂದು 2002ರಲ್ಲಿ ಬೇರೆಯವರು ತೋರಿಸಿದರು. ಅಷ್ಟರಲ್ಲಿ ಅರ್ಧ ಶತಮಾನದ ಸೂತ್ರಗಳು ಅದರ ಮೇಲೆ ನಿಂತಿದ್ದವು. 1970ರಿಂದ ಜಪಾನಿನವರು ಯಾಕೆದಾಕೆ ಅಗ್ನಿಪರ್ವತದ ಕಣಿವೆಯಲ್ಲಿ ಕ್ಯಾಮೆರಾ ಇಟ್ಟು ನಿಜವಾದ ಹರಿವನ್ನೇ ಚಿತ್ರಿಸಿದರು: ಮುಂಚೂಣಿಯಲ್ಲಿ ದೊಡ್ಡ ಬಂಡೆಗಳ ಗೋಡೆ, ಹಿಂದೆ ತೆಳ್ಳನೆಯ ಕೆಸರು.

ಅಮೆರಿಕದ ಭೂವಿಜ್ಞಾನ ಸಮೀಕ್ಷೆಯವರು ಒರೆಗಾನ್ ಕಾಡಿನಲ್ಲಿ 95 ಮೀಟರ್ ಉದ್ದದ ಕಾಂಕ್ರೀಟ್ ಜಾರುಬಂಡಿ ಕಟ್ಟಿ ಅದರಲ್ಲಿ ಮಣ್ಣು, ಕಲ್ಲು ಸುರಿದರು. ರಿಚರ್ಡ್ ಐವರ್ಸನ್ ತಂಡ 2000ದಲ್ಲಿ ಪ್ರಕಟಿಸಿದ ಪ್ರಯೋಗ ಗಣಿಯವರಿಗೆ ಎಲ್ಲಕ್ಕಿಂತ ಮುಖ್ಯವೆಂದು ನನ್ನ ಅನಿಸಿಕೆ. ಒಂದೇ ಮಣ್ಣನ್ನು ಸಡಿಲವಾಗಿ ಹಾಕಿ ನೀರುಣಿಸಿದಾಗ ಅದು ಕ್ಷಣಮಾತ್ರದಲ್ಲಿ ದ್ರವದಂತಾಗಿ ಧಾವಿಸಿತು. ದಮ್ಮಸು ಮಾಡಿದ್ದು ಅಷ್ಟಷ್ಟೇ ತೆವಳಿತು. ಗಣಿಯ ಮೇಲ್ಮಣ್ಣನ್ನು ಟಿಪ್ಪರ್‌ನಿಂದ ಇಳಿಜಾರಿನ ಅಂಚಿಗೆ ಸುಮ್ಮನೆ ಸುರಿದುಬಿಡುವುದು ಎಷ್ಟು ದುಬಾರಿ ಎಂಬುದಕ್ಕೆ ಬೇರೆ ಪುರಾವೆ ಬೇಡ.

ಎಂ ಕ್ರೀಕ್ ದುರಂತದ ನಂತರ, 1983ರ ಫೆಬ್ರುವರಿಯಲ್ಲಿ, ಪಕ್ಕದ ಲಯನ್ಸ್ ಬೇ ಊರಿನ ಆಲ್ಬರ್ಟಾ ಕ್ರೀಕ್ ಇನ್ನಿಬ್ಬರನ್ನು ಬಲಿ ತೆಗೆದುಕೊಂಡಿತು. ಅಲ್ಲಿಯವರೆಗೆ ಮೋರಿ, ಸೇತುವೆಗಳ ಗಾತ್ರವನ್ನು ಮಳೆನೀರಿನ ಸೂತ್ರದಿಂದ ನಿಶ್ಚಯಿಸುತ್ತಿದ್ದರು. 1984ರಲ್ಲಿ ಓಲ್ಡ್ರಿಚ್ ಹುಂಗರ್ ಮತ್ತು ಸಂಗಡಿಗರು ಪ್ರಶ್ನೆಯನ್ನೇ ಬದಲಿಸಿದರು: ತೊರೆಯ ಪ್ರತಿ ಮೀಟರ್ ಪಾತ್ರ ಎಷ್ಟು ಘನ ಮೀಟರ್ ಕಲ್ಲು ಕೊಡಬಲ್ಲದು? ಬುಡದಿಂದ ನೆತ್ತಿಯವರೆಗೆ ನಡೆದು ಲೆಕ್ಕ ಹಾಕಿ, ಕೂಡಿಸಿ. ಇಂಥ ಹರಿವಿನ ಗರಿಷ್ಠ ಪ್ರಮಾಣ ಬರಿನೀರಿನ ಪ್ರವಾಹದ ಹಲವು ಪಟ್ಟು ಆಗಬಲ್ಲದು. ಈ ಲೆಕ್ಕದ ಮೇಲೆ ಚಾರ್ಲ್ಸ್, ಹಾರ್ವಿ ತೊರೆಗಳಿಗೆ ಕಲ್ಲು ಹಿಡಿಯುವ ಕಟ್ಟೆಗಳು ಬಂದವು. ಆಲ್ಬರ್ಟಾ ಕ್ರೀಕಿಗೆ ಎಲ್ಲವನ್ನೂ ಸೀದಾ ಕಡಲಿಗೆ ಜಾರಿಸುವ ಕಾಂಕ್ರೀಟ್ ಕಾಲುವೆ.

ಈಗ ಯಾವುದೇ ಜಲ್ಲಿ ಗಣಿಯ ಅರ್ಜಿಯ ನೀರಿನ ಅಧ್ಯಾಯ ತೆರೆದರೆ ಮೇಲಂಚಿನ ತಡೆಗಾಲುವೆ, ಕೆಸರು ತಂಗುವ ಹೊಂಡ, ರಸ್ತೆಯಡಿಯ ಮೋರಿ ಕಾಣುತ್ತವೆ. ಹೆಚ್ಚಿನವು ಬರಿನೀರಿನ ಲೆಕ್ಕದವು. 900 ಮಿ.ಮೀ. ಕೊಳವೆಯ ಮೋರಿ ನೂರು ವರ್ಷಕ್ಕೊಮ್ಮೆ ಬರುವ ನೀರನ್ನು ದಾಟಿಸೀತು, ಆದರೆ ಒಂದು ದಿಮ್ಮಿ, ಎರಡು ಗುಂಡುಕಲ್ಲು ಬಾಯಿಗೆ ಸಿಕ್ಕಿಕೊಂಡರೆ ಮುಗಿಯಿತು. ನೀರು ರಸ್ತೆ ಹಿಡಿದು ಗಣಿಯ ಅಂಚಿಗೆ ಬಂದು ಧುಮುಕುತ್ತದೆ, ಮಣ್ಣಿನ ಗೋಡೆ ಕೊರೆಯುತ್ತದೆ, ಕೊರೆತ ಹಿಂದಕ್ಕೆ ಹತ್ತುತ್ತದೆ. ತೊರೆಯೇ ದಾರಿ ಬಿಟ್ಟು ಗುಂಡಿಗೆ ಇಳಿದರೆ ಪಾತ್ರವೇ ಮೇಲ್ಗಡೆಗೆ ಆಳವಾಗುತ್ತ ಹೋಗಿ, ಅಲ್ಲಿದ್ದ ಸೇತುವೆಯ ಬುಡಕ್ಕೂ ಕುತ್ತು.

ತಡೆಗಾಲುವೆಯಲ್ಲೂ ಒಂದು ತೊಡಕಿದೆ. ತಳ ಭದ್ರವಿಲ್ಲದ ಕಾಲುವೆ ನೀರನ್ನು ಸಾಗಿಸುವ ಬದಲು ಇಳಿಜಾರಿಗೇ ಕುಡಿಸುತ್ತದೆ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬೆಟ್ಟ ಕುಸಿದು ಅರ್ಚಕರ ಮನೆ ಮಣ್ಣುಪಾಲಾದಾಗ, ಮೇಲೆ ತೋಡಿದ್ದ ಇಂಗುಗುಂಡಿಗಳ ಬಗ್ಗೆ ಕೊಡಗಿನಲ್ಲಿ ಎದ್ದ ಪ್ರಶ್ನೆಯೂ ಇದೇ. ಬಯಲುಸೀಮೆಗೆ ವರವಾದ ಇಂಗುಗುಂಡಿ ಕಡಿದಾದ ಬೆಟ್ಟದಲ್ಲಿ ಹೊರೆಯಾಗಬಹುದು.

ಕಣಿವೆಯ ಬಾಯಿಂದ ದೂರ ಸರಿದು ಅಗೆಯುವುದು, ನಡುವೆ ಅಗಲವಾದ ಪಟ್ಟಿ ಬಿಡುವುದು, ಮೇಲ್ಮಣ್ಣನ್ನು ಪದರಪದರವಾಗಿ ದಮ್ಮಸು ಮಾಡುವುದು, ಮೋರಿಯ ಬದಲು ಕಲ್ಲು ಹಾಸಿದ ತಗ್ಗು ದಾಟುಹಾದಿ ಮಾಡುವುದು: ಇವೆಲ್ಲ ಈಗ ಅನುಭವಿ ಎಂಜಿನಿಯರುಗಳಿಗೆ ಗೊತ್ತಿರುವ ಸಂಗತಿಗಳೇ. ಗಣಿಯ ಗುಂಡಿಯನ್ನೇ ಕಲ್ಲು ಹಿಡಿಯುವ ಹೊಂಡವಾಗಿಸೋಣ ಎಂಬ ಆಲೋಚನೆಯಲ್ಲೂ ಹುರುಳಿದೆ, ಕೆಲಸಗಾರರು ಗುಂಡಿಯೊಳಗಿರುವಾಗ ತೊರೆ ಬಾರದಿದ್ದರೆ. ಬಗೆಹರಿಯದ್ದು ಆಯುಸ್ಸಿನ ಪ್ರಶ್ನೆ. ಗಣಿಯ ಪರವಾನಗಿ ಕೆಲವು ದಶಕಗಳದ್ದು, ಎರಡು ಹರಿವುಗಳ ನಡುವಿನ ಅಂತರ ಅದಕ್ಕಿಂತ ದೊಡ್ಡದಿರಬಹುದು. ಗಣಿ ಮುಚ್ಚಿದ ಮೇಲೂ ಕಲ್ಲು ಹಿಡಿಯುವ ಕಟ್ಟೆ ತುಂಬುತ್ತದೆ. ಅದನ್ನು ಖಾಲಿ ಮಾಡುವ ಹಣವನ್ನು ಯಾರು, ಎಷ್ಟು ವರ್ಷದವರೆಗೆ ಠೇವಣಿ ಇಡಬೇಕು ಎಂಬ ಅಂಕಣವನ್ನು ಅರ್ಜಿಗಳು ಈಗಷ್ಟೇ ತುಂಬಲು ಕಲಿಯುತ್ತಿವೆ.