ಹೆಡ್ ಗ್ಯಾಸ್ಕೆಟ್ ಮತ್ತು ಕಲ್ನಾರು

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಹಳೆಯ ಅಂಬಾಸಿಡರ್ ಕಾರಿನ ಇಂಜಿನನ್ನು ಪೂರ್ತಿಯಾಗಿ ಬಿಚ್ಚಿಸಿ ರೀಬೋರ್ ಮಾಡಿಸಿದೆ. ಸುದ್ದಿ ತಿಳಿದ ಹಳೆಯ ವಿದ್ಯಾರ್ಥಿಯೊಬ್ಬ, "ಸಾರ್, ಇಷ್ಟು ದಿನ ಇತಿಹಾಸ ಪಾಠ ಮಾಡಿದಿರಿ, ಈಗ ರಿಪೇರಿ ಮಾಡಿಸುತ್ತಿದ್ದೀರಿ" ಎಂದು ದೂರವಾಣಿಯಲ್ಲಿ ನಕ್ಕ. ನಮ್ಮ ತಂದೆಯವರು 1972ರಲ್ಲಿ ಕೊಂಡ ಗಾಡಿ ಅದು; ಮಾರಲು ಮನಸ್ಸು ಬಾರದು. ಆ ರಿಪೇರಿಯಲ್ಲಿ ಎದುರಾದ ಒಂದು ಸಣ್ಣ ಆಯ್ಕೆಯ ಬಗ್ಗೆ ಬರೆಯಬೇಕೆನಿಸಿದೆ.

ಅಂಬಾಸಿಡರ್ ಎಷ್ಟೇ ನಮ್ಮದೆನಿಸಿದರೂ ಅದರ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿದ್ದ ಹಿಂದೂಸ್ಥಾನ್ ಮೋಟಾರ್ಸ್ ಕಾರ್ಖಾನೆ ಅದನ್ನು 2014ರವರೆಗೆ ತಯಾರಿಸಿತು. 1959ರಲ್ಲಿ ಅದಕ್ಕೆ ಬಂದ 1489 ಸಿ.ಸಿ. ಇಂಜಿನ್ ಬ್ರಿಟಿಷರ 'ಬಿ-ಸೀರೀಸ್' ವಂಶದ್ದು. ಅವರ ಎಂ.ಜಿ.ಎ. ಎಂಬ ಕ್ರೀಡಾಕಾರಿನಲ್ಲಿದ್ದುದೂ ಇದರ ಒಡಹುಟ್ಟೇ ಎಂದರೆ ನಮ್ಮ ಮೊಮ್ಮಕ್ಕಳು ನಂಬುವುದಿಲ್ಲ!

ಈ ಇಂಜಿನ್ನಿನಲ್ಲಿ ಕೆಳಗೆ ಎರಕದ ಕಬ್ಬಿಣದ ಬ್ಲಾಕ್, ಮೇಲೆ ಅದೇ ಕಬ್ಬಿಣದ ಹೆಡ್. ನಡುವೆ ತೆಳ್ಳಗಿನ ಒಂದು ಹಾಳೆ; ಅದೇ ಹೆಡ್ ಗ್ಯಾಸ್ಕೆಟ್. ಬೆಂಕಿ, ನೀರು, ಎಣ್ಣೆ ಈ ಮೂರೂ ಒಂದೇ ಮನೆಯಲ್ಲಿದ್ದು ಒಂದರ ಕೋಣೆಗೆ ಇನ್ನೊಂದು ನುಗ್ಗದಂತೆ ಕಾಯುವುದು ಅದರ ಕೆಲಸ. ಅದು ಸೋತರೆ ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬರಬಹುದು, ಎಣ್ಣೆಗೆ ನೀರು ಬೆರೆತು ಮಜ್ಜಿಗೆಯ ಬಣ್ಣಕ್ಕೆ ತಿರುಗಬಹುದು.

ಬಿಡಿಭಾಗದ ಅಂಗಡಿಯಲ್ಲಿ ಎರಡು ಬಗೆಯವು ದೊರೆತವು. ಒಂದು, ಬಹುಕಾಲದಿಂದ ಕಪಾಟಿನಲ್ಲಿದ್ದ ಹಳೆಯ ದಾಸ್ತಾನು: ಎರಡು ತಾಮ್ರದ ತಗಡುಗಳ ನಡುವೆ ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಇನ್ನೊಂದು ಕಲ್ನಾರಿಲ್ಲದ ಹೊಸ ಬಗೆ. "ಮೇಷ್ಟ್ರೇ, ಒರಿಜಿನಲ್ ಬೇಕಾದರೆ ತಾಮ್ರದ್ದೇ ಹಾಕೋಣ" ಎಂದ ಮೆಕ್ಯಾನಿಕ್. ಅವನ ಮಾತು ತಪ್ಪಲ್ಲ. ಬೆಂಕಿಗೆ ಬೇಯದ, ಒತ್ತಿದರೆ ಮೇಲ್ಮೈಯ ಸಣ್ಣ ತಗ್ಗುದಿಣ್ಣೆಗಳಿಗೆ ಹೊಂದಿಕೊಳ್ಳುವ ಕಲ್ನಾರಿನಂಥ ವಸ್ತು ಅಂದಿನ ಇಂಜಿನಿಯರುಗಳಿಗೆ ವರವಾಗಿಯೇ ಕಂಡಿತ್ತು. ಕಲ್ಲಿನ ನಾರು! ನಮ್ಮ ಭಾಷೆಯ ಹೆಸರು ಅದರ ಗುಣವನ್ನು ಎಷ್ಟು ಚೆನ್ನಾಗಿ ಹೇಳುತ್ತದೆ ನೋಡಿ.

ಆ ನಾರನ್ನು ನೂತವರ ಕಥೆ ಬೇರೆ. ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದ ಕಾರ್ಖಾನೆಯಲ್ಲಿ ನೆಲ್ಲಿ ಕರ್ಶಾ ಎಂಬಾಕೆ ಕಲ್ನಾರನ್ನು ನೂಲಾಗಿ ನೂಲುತ್ತಿದ್ದಳು. 1922ರಲ್ಲಿ ಕೆಲಸ ಮಾಡಲಾಗದಷ್ಟು ಉಸಿರು ಕಟ್ಟಿತು. 1924ರಲ್ಲಿ, ಮೂವತ್ತಮೂರರ ವಯಸ್ಸಿನಲ್ಲಿ ತೀರಿಕೊಂಡಳು. ಆಕೆಯ ಶ್ವಾಸಕೋಶವನ್ನು ಪರೀಕ್ಷಿಸಿದ ವೈದ್ಯ ಕುಕ್ ಅದೇ ವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಕಂಪನಿ ಮಾತ್ರ ಹೊಣೆ ಹೊರಲಿಲ್ಲ. 1931ರಲ್ಲಿ ಅಲ್ಲಿ ಧೂಳಿನ ನಿಯಂತ್ರಣಕ್ಕೆ ನಿಯಮಗಳು ಬಂದವು. ಪೂರ್ಣ ನಿಷೇಧ ಬರಲು 1999 ಆಗಬೇಕಾಯಿತು. ನಮ್ಮ ಸುಪ್ರೀಂ ಕೋರ್ಟ್ 1995ರ ತೀರ್ಪಿನಲ್ಲಿ, ಕಾರ್ಮಿಕನ ಆರೋಗ್ಯವು ಬದುಕುವ ಹಕ್ಕಿನ ಭಾಗವೆಂದು ಸಾರಿ, ಕಲ್ನಾರಿನ ಕಾರ್ಖಾನೆಗಳು ಕೆಲಸಗಾರರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ನಿವೃತ್ತಿಯ ನಂತರ 15 ವರ್ಷ ಇಡಬೇಕೆಂದಿತು. ಈ ಕಾಯಿಲೆ ಅಷ್ಟು ನಿಧಾನವಾಗಿ ಬರುವಂಥದು.

ಕೈಗಾರಿಕಾ ಕ್ರಾಂತಿಯನ್ನು ಮೂವತ್ತು ವರ್ಷ ಬೋಧಿಸಿದ ನಾನು ನೆಲ್ಲಿಯ ಹೆಸರನ್ನು ತರಗತಿಯಲ್ಲಿ ಒಮ್ಮೆಯೂ ಹೇಳಲಿಲ್ಲ, ನನಗೇ ಗೊತ್ತಿರಲಿಲ್ಲ. ಎಸ್.ಎಸ್.ಎಲ್.ಸಿ.ಯಲ್ಲಿ ಅನುತ್ತೀರ್ಣರಾದ ಇಬ್ಬರು ಹುಡುಗರನ್ನು ನಾನೇ ಮಾತಾಡಿ ಗ್ಯಾರೇಜಿಗೆ ಸೇರಿಸಿದ್ದೆ. ಬ್ಲಾಕಿಗೆ ಅಂಟಿದ ಹಳೆಯ ಗ್ಯಾಸ್ಕೆಟ್ಟನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಗಾಳಿಯ ಪೈಪಿನಿಂದ ಊದುವುದು ಅಲ್ಲಿ ಚಿಕ್ಕ ಹುಡುಗರ ಕೆಲಸ. ಅವರಲ್ಲೊಬ್ಬನೇ ಇಂದಿನ ಈ ಮೆಕ್ಯಾನಿಕ್. ಕಲ್ನಾರಿನ ವಿಷಯ ವಿವರಿಸಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗ ಯಾರೂ ಹೇಳಲಿಲ್ಲವಲ್ಲ ಮೇಷ್ಟ್ರೇ" ಎಂದ. ನನ್ನಲ್ಲಿ ಉತ್ತರವಿರಲಿಲ್ಲ.

ಹೊಸದನ್ನೇ ಹಾಕಿದೆವು. ಇತ್ತೀಚಿನ ಕಾರುಗಳ ಬಹುಪದರ ಉಕ್ಕಿನ ಗ್ಯಾಸ್ಕೆಟ್ ನಮಗೆ ಸಲ್ಲದು. ಅದಕ್ಕೆ ಕನ್ನಡಿಯಂತೆ ನಯವಾದ ಮೇಲ್ಮೈ ಬೇಕು. ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಒಂದೇ ಸಲಕ್ಕಲ್ಲದೆ ಹಂತಹಂತವಾಗಿ ಬಿಗಿದ.

ಬಳಿಕ ಎಣ್ಣೆ. ಹೊಸದಾಗಿ ಜೋಡಿಸಿದ ಇಂಜಿನ್ನಿನ ಎಣ್ಣೆಯ ಪಂಪು ಒಣಗಿರುತ್ತದೆ, ಒಣ ಪಂಪು ಎಣ್ಣೆ ಎಳೆಯದು. ಹಾಗೆಯೇ ಸ್ಟಾರ್ಟ್ ಮಾಡಿದರೆ ಹೊಸ ಬೇರಿಂಗುಗಳು ಮೊದಲ ಕ್ಷಣಗಳಲ್ಲೇ ಸವೆಯುತ್ತವೆ. ಆದ್ದರಿಂದ ಪಂಪಿಗೆ ಮೊದಲೇ ಎಣ್ಣೆ ತುಂಬಿದ. ಪ್ಲಗ್ಗುಗಳನ್ನು ಬಿಚ್ಚಿಟ್ಟು, ಇಂಜಿನ್ನಿಗೆ ಭಾರವಾಗದಂತೆ ಸ್ಟಾರ್ಟರಿನಿಂದ ಬಿಟ್ಟುಬಿಟ್ಟು ತಿರುಗಿಸಿದ. ಎಣ್ಣೆ 20ಡಬ್ಲ್ಯೂ-50, ಹಳೆಯ ಕ್ಯಾಮ್ ಶಾಫ್ಟುಗಳಿಗೆ ಸತುವಿನ ಅಂಶ ಸಾಕಷ್ಟಿರುವ ಎಣ್ಣೆಯೇ ಬೇಕೆಂದು ಡಬ್ಬಿಯ ಮೇಲಿನ ಅಕ್ಷರಗಳನ್ನು ನನ್ನಿಂದ ಎರಡು ಬಾರಿ ಓದಿಸಿದ. ನಾಲ್ಕನೆಯ ಸಲಕ್ಕೆ ಮೀಟರಿನ ಮುಳ್ಳು ಅಲುಗಿ ಮೇಲೆದ್ದಿತು. "ಬಂತು ಮೇಷ್ಟ್ರೇ!" ಎಂದ, ಶಾಲೆಯ ದಿನಗಳಲ್ಲಿ ನಾನು ಅವನ ಬಾಯಲ್ಲಿ ಎಂದೂ ಕೇಳದಿದ್ದ ಉತ್ಸಾಹದಲ್ಲಿ.

ಇದಕ್ಕೂ ಮುಂಚೆ, ಬ್ಲಾಕ್ ಒರೆಸುವ ದಿನ, ಅವನ ಗ್ಯಾರೇಜಿನ ಹುಡುಗ ಅಭ್ಯಾಸಬಲದಿಂದ ಗಾಳಿಯ ಪೈಪಿಗೆ ಕೈ ಹಾಕಿದ್ದ. ಅವನು ಅದನ್ನು ಕಸಿದುಕೊಂಡು ಹುಡುಗನನ್ನು ಹೊರಗೆ ಕಳುಹಿಸಿ, ತಾನೇ ಒದ್ದೆ ಬಟ್ಟೆ ಹಿಡಿದು ಕುಳಿತ. ಬಿಚ್ಚಿದ ಹಳೆಯ ಗ್ಯಾಸ್ಕೆಟ್ಟನ್ನು ನೀರಿನಲ್ಲಿ ನೆನೆಸಿ, ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿಟ್ಟಿದ್ದೇವೆ. ಕಸದ ಗಾಡಿಯ ಹೆಣ್ಣುಮಗಳ ಕೈಗೆ ಅದನ್ನು ಕೊಡಲು ಮನಸ್ಸಾಗದೆ, ಈಗಲೂ ನಮ್ಮ ಷೆಡ್ಡಿನ ಅಟ್ಟದ ಮೇಲೆಯೇ ಇದೆ.