ಮಲಗಿದವರು ಎದ್ದ ಬಗೆ: ಕಣ್ಣು ಮತ್ತು ಹೃದಯ ಚಿಕಿತ್ಸೆಯ ಹಾದಿ

ಕಣ್ಣಿನ ಪೊರೆ ತೆಗೆಸಿಕೊಂಡವರು ಒಂದು ಕಾಲದಲ್ಲಿ ತಲೆಯ ಎರಡೂ ಬದಿಗೆ ಮರಳಿನ ಚೀಲ ಇಟ್ಟುಕೊಂಡು ದಿನಗಟ್ಟಲೆ ಅಲುಗಾಡದೆ ಮಲಗಬೇಕಿತ್ತು. ಗಾಯ ದೊಡ್ಡದು, ಅದನ್ನು ಹೊಲಿಯುವ ನವಿರಾದ ದಾರ ಆಗ ಇರಲಿಲ್ಲ. ಹೃದಯಾಘಾತವಾದವರಿಗೂ ವಾರಗಟ್ಟಲೆ ಹಾಸಿಗೆಯೇ ಗತಿ. ಈ ಎರಡು ಚಿಕಿತ್ಸೆಗಳು ಬೆಳೆದಂತೆಲ್ಲ ರೋಗಿ ಬೇಗ ಬೇಗ ಎದ್ದು ಮನೆಗೆ ಹೋಗತೊಡಗಿದ.

ಕರಾವಳಿಯಲ್ಲಿ ಚಿಕಿತ್ಸೆ ಸಿಗುವ ನೆಲೆಗಳೂ ಬೆಳೆದವು. ಉಡುಪಿಯಲ್ಲಿ ಬಾಸೆಲ್ ಮಿಷನ್ನಿನ ವೈದ್ಯೆ ಈವಾ ಲೊಂಬಾರ್ಡ್ 1923ರಲ್ಲಿ ಆಸ್ಪತ್ರೆ ತೆರೆದರು. 1953ರಲ್ಲಿ ಡಾ. ಟಿ.ಎಂ.ಎ. ಪೈ ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಕಟ್ಟಿದರು. ಕಾರ್ಕಳದಲ್ಲಿ ಅವರ ಹೆಸರಿನ ರೋಟರಿ ಆಸ್ಪತ್ರೆಯಿದೆ.

ರಾಜ್ಯದಲ್ಲಿ ಪೊರೆ ಚಿಕಿತ್ಸೆಯನ್ನು ಹಳ್ಳಿಗೆ ಒಯ್ದವರು ಬೀಳಗಿಯ ಡಾ. ಎಂ.ಸಿ. ಮೋದಿ. ಅವರ ಶಿಬಿರಗಳು ಅಸಂಖ್ಯ ಬಡವರಿಗೆ ದೃಷ್ಟಿ ಕೊಟ್ಟವು. ಆದರೆ ಪೊರೆಗಟ್ಟಿದ ಮಸೂರವನ್ನು ತೆಗೆದು ಬದಲಿಗೆ ಏನೂ ಕೂರಿಸದಿದ್ದ ಆ ಕಾಲದಲ್ಲಿ ಸೋಡಾಬುಡ್ಡಿ ಕನ್ನಡಕ ತಪ್ಪುತ್ತಿರಲಿಲ್ಲ. ಅದಕ್ಕೆ ಪರಿಹಾರ ಹೊಳೆದದ್ದು ಲಂಡನ್ನಿನ ಹೆರಾಲ್ಡ್ ರಿಡ್ಲಿಗೆ. ಯುದ್ಧವಿಮಾನದ ಕಿಟಕಿಯ ಅಕ್ರಿಲಿಕ್ ಚೂರು ಪೈಲಟ್‌ಗಳ ಕಣ್ಣಿನಲ್ಲಿ ಉಳಿದರೂ ಉರಿಯೂತ ಎಬ್ಬಿಸದಿದ್ದುದನ್ನು ಗಮನಿಸಿದ ಅವರು 1949ರಲ್ಲಿ ಕೃತಕ ಮಸೂರ ಕೂರಿಸಿದರು. ಅದು ನಮ್ಮ ಬಡವರ ಕೈಗೆಟುಕಲು ಮದುರೆಯ ಆರೋಲ್ಯಾಬ್ 1992ರಲ್ಲಿ ಅಗ್ಗದ ಮಸೂರ ತಯಾರಿಸತೊಡಗಬೇಕಾಯಿತು. ಈಗ ಅಲ್ಟ್ರಾಸೌಂಡ್‌ನಿಂದ ಪೊರೆಯನ್ನು ಪುಡಿಮಾಡಿ ಹೀರುತ್ತಾರೆ. ಗಾಯ ಮೂರು ಮಿಲಿಮೀಟರಿನ ಆಸುಪಾಸು, ಅದೇ ದಿನ ಮನೆಗೆ. ಪೊರೆ ಹಣ್ಣಾಗುವವರೆಗೆ ಕಾಯಬೇಕೆಂಬ ಹಳೆಯ ಮಾತು ಇನ್ನೂ ಕೇಳಿಬರುತ್ತದೆ. ಅದಕ್ಕೆ ಈಗ ಆಧಾರವಿಲ್ಲ. ಬಲಿತ ಪೊರೆ ತೆಗೆಯುವುದೇ ಹೆಚ್ಚು ಕಷ್ಟ.

ಕರಾವಳಿಯ ಬಿಸಿಲು, ಗಾಳಿಗೆ ಮೈಯೊಡ್ಡುವ ಮೀನುಗಾರರಲ್ಲಿ ಕಣ್ಣಿನ ಬಿಳಿಭಾಗದಿಂದ ಮಾಂಸ ಬೆಳೆದು ಪಾಪೆಯತ್ತ ಸರಿಯುವುದುಂಟು. ಕಣ್ಣು ಕೆಂಪಾಗುವ ಮದ್ರಾಸ್ ಐ ಬಹುಪಾಲು ತಾನಾಗಿ ವಾಸಿಯಾಗುತ್ತದೆ. ಅದಕ್ಕೆಂದು ಮೆಡಿಕಲ್ ಶಾಪಿನಿಂದ ಸ್ಟೀರಾಯ್ಡ್ ಹನಿ ತಂದು ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಿ ನರ ಸಾಯಬಹುದು, ಹೋದ ದೃಷ್ಟಿ ಮರಳದು. ಸಕ್ಕರೆ ಕಾಯಿಲೆಯವರು ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ ವರ್ಷಕ್ಕೊಮ್ಮೆ ಅಕ್ಷಿಪಟಲ ತೋರಿಸಿಕೊಳ್ಳಬೇಕು.

ಹೃದಯದ ವಿಷಯದಲ್ಲಿ ಮೊದಲ ತಿರುವು ಚಾಕುವಿನಿಂದ ಬಂದದ್ದಲ್ಲ. 1952ರಲ್ಲಿ ಅಮೆರಿಕದ ವೈದ್ಯರಾದ ಲೆವಿನ್ ಮತ್ತು ಲೌನ್ ಹೃದಯಾಘಾತದ ರೋಗಿಗಳನ್ನು ಕುರ್ಚಿಯಲ್ಲಿ ಕೂರಿಸುವ ಧೈರ್ಯ ಮಾಡಿದರು. 1967ರಲ್ಲಿ ಶಸ್ತ್ರವೈದ್ಯ ಫವಲೋರೊ ಕಾಲಿನ ರಕ್ತನಾಳದಿಂದ ಹೃದಯದ ಬೈಪಾಸ್ ಮಾಡಿದರು. 1977ರಲ್ಲಿ ವೈದ್ಯ ಗ್ರುಂಟ್‌ಸಿಗ್ ಬಲೂನಿನಿಂದ ಹೃದಯದ ನಾಳ ತೆರೆದರು. ಭಾರತದ ಮೊದಲ ಬೈಪಾಸ್ 1975ರಲ್ಲಿ ಚೆನ್ನೈಯಲ್ಲಿ ಡಾ. ಕೆ.ಎಂ. ಚೆರಿಯನ್ ಕೈಯಿಂದ ನಡೆಯಿತು.

ಬೈಪಾಸ್ ಆದವರನ್ನು ಈಗ ಒಂದೆರಡು ದಿನಗಳಲ್ಲೇ ಫಿಸಿಯೋಥೆರಪಿಯವರು ಎಬ್ಬಿಸಿ ನಡೆಸುತ್ತಾರೆ, ಉಸಿರಾಟದ ವ್ಯಾಯಾಮ ಮಾಡಿಸುತ್ತಾರೆ. ಸೀಳಿ ಮತ್ತೆ ತಂತಿಯಿಂದ ಬಿಗಿದ ಎದೆಮೂಳೆ ಕೂಡಿಕೊಳ್ಳಲು ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಬಾವಿಯಿಂದ ನೀರು ಸೇದುವುದು, ತೆಂಗಿನಕಾಯಿ ಸುಲಿಯುವುದು, ಬಲೆ ಎಳೆಯುವುದು ಬೇಡ. ನಾಳ ತೆಗೆದ ಕಾಲು ಕೆಲವು ವಾರ ಊದಿಕೊಳ್ಳಬಹುದು; ಕೂತಾಗ ಎತ್ತರದಲ್ಲಿಟ್ಟರೆ ಇಳಿಯುತ್ತದೆ. ಜ್ವರ, ಗಾಯದಲ್ಲಿ ಕೀವು, ಎದೆಮೂಳೆ ಕಟಕಟ ಅನ್ನುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕುಚ್ಚಲಕ್ಕಿ ಗಂಜಿಗೆ ಅಡ್ಡಿಯಿಲ್ಲ. ಜೊತೆಗಿನ ಉಪ್ಪಿನಕಾಯಿ, ಒಣಮೀನಿನ ಉಪ್ಪೇ ತೊಂದರೆ.

ವಯಸ್ಸಾದವರಲ್ಲಿ ಎರಡೂ ಕಾಯಿಲೆ ಒಟ್ಟಿಗೆ ಬರುವುದು ಸಾಮಾನ್ಯ. ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಪೊರೆ ಶಸ್ತ್ರಚಿಕಿತ್ಸೆಗೆಂದು ರಕ್ತ ತೆಳುವಾಗಿಸುವ ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು ಅಪಾಯ, ಸ್ಟೆಂಟ್ ಮುಚ್ಚಿಹೋಗಬಹುದು. ಹನಿ ಹಾಕಿ ಮರಗಟ್ಟಿಸಿ ಮಾಡುವ ಇಂದಿನ ಪೊರೆ ಚಿಕಿತ್ಸೆಗೆ ಆ ಮಾತ್ರೆ ಸಾಮಾನ್ಯವಾಗಿ ಅಡ್ಡಿಯಾಗದು. ಹೃದಯಾಘಾತ ಆದ ಹೊಸತರಲ್ಲಾದರೆ, ಹೃದಯ ವೈದ್ಯರು ಒಪ್ಪುವವರೆಗೆ ಪೊರೆ ಚಿಕಿತ್ಸೆಗೆ ಕಾಯಬಹುದು.