ಇಂಗ್ಲಿಷಿಗೆ ಹೋದ ಕೊಳೆರೋಗ

ನಾವು ಸಾಫ್ಟ್‌ವೇರ್‌ನವರು 'ಬಿಟ್ ರಾಟ್' ಅಂತ ಒಂದು ಪದ ಬಳಸ್ತೀವಿ. ಯಾರೂ ಮುಟ್ಟದೆ ಬಿಟ್ಟ ಪ್ರೋಗ್ರಾಮನ್ನು ನಾಲ್ಕು ವರ್ಷದ ನಂತರ ಓಡಿಸಿದರೆ ಓಡಲ್ಲ. ಅದರೊಳಗೆ ಒಂದಕ್ಷರವೂ ಬದಲಾಗಿರಲ್ಲ, ಸುತ್ತಲಿನದೆಲ್ಲ ಬದಲಾಗಿರುತ್ತೆ. ಆದರೂ 'ಕೊಳೆತಿದೆ' ಅಂತೀವಿ. ಕಂಪ್ಯೂಟರಿನಲ್ಲಿ ಕೊಳೆಯೋಕೆ ತೇವವಾದರೂ ಎಲ್ಲಿದೆ? ಅದೇ ಕುತೂಹಲಕ್ಕೆ ಇಂಗ್ಲಿಷಿನ ಕೊಳೆಯುವ ಪದಗಳ ಬೆನ್ನು ಹತ್ತಿದೆ. ಹೋಗ್ತಾ ಹೋಗ್ತಾ ನಮ್ಮ ಅಡಿಕೆ ತೋಟದಲ್ಲೇ ಬಂದು ನಿಂತೆ.

'ರಾಟ್' ಇಂಗ್ಲಿಷಿನದೇ ಹಳೇ ಪದ. ಅದರ ಜೊತೆಗಾರ 'ರಾಟನ್' ವೈಕಿಂಗರ ಭಾಷೆಯಿಂದ ಬಂದದ್ದು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚ್ ಪದಗಳು ರಾಶಿ ರಾಶಿ ಸೇರಿದವು, 'ಡಿಕೇ' ಅಂಥದ್ದು. ಅದರ ಲ್ಯಾಟಿನ್ ಬೇರಿಗೆ 'ಬೀಳು' ಅಂತ ಅರ್ಥ. ಹೆಣಕ್ಕೆ ಹೇಳುವ 'ಕ್ಯಾಡವರ್' ಕೂಡ ಅದೇ ಬೇರಿನದು ಅಂತಾರೆ. ಎಣ್ಣೆ ಕಮಟಿದರೆ 'ರಾನ್ಸಿಡ್', ಅದೂ ಲ್ಯಾಟಿನ್ನೇ. ನನಗೆ ಬಹಳ ಇಷ್ಟವಾದದ್ದು 'ಮಿಲ್ಡ್ಯೂ'. ಈಗ ಬೂಷ್ಟಿಗೆ ಹೇಳೋ ಈ ಪದದ ಮೂಲ ಅರ್ಥ 'ಜೇನಿನ ಇಬ್ಬನಿ'! ಎಲೆ ಮೇಲೆ ಹೇನುಗಳು ಬಿಡುವ ಸಿಹಿ ಅಂಟಿಗೆ ಇಟ್ಟ ಹೆಸರು, ಆಮೇಲೆ ಎಲೆಯ ಬೂಷ್ಟಿಗೆ ಅಂಟಿಕೊಂಡಿತು.

ಇನ್ನು 'ಡ್ರೈ ರಾಟ್'. ಅಂದ್ರೆ ಒಣ ಕೊಳೆ. ಕೊಳೆ ಒಣಗಿರೋದುಂಟೇ? ಇದರ ಕಥೆ ಇಂಗ್ಲೆಂಡಿನ ನೌಕಾಪಡೆಯ ತಲೆನೋವಿನ ಕಥೆಯೂ ಹೌದು. 1680ರ ದಶಕದಲ್ಲೇ ಸ್ಯಾಮ್ಯುಯೆಲ್ ಪೀಪ್ಸ್ ಅನ್ನೋ ಅಧಿಕಾರಿ, ಹೊಸದಾಗಿ ಕಟ್ಟಿಸಿದ 30 ಹಡಗುಗಳು ಬಂದರಿನಲ್ಲೇ ಕೊಳೀತಿರೋದು ನೋಡಿ, ಮುಷ್ಟಿ ಗಾತ್ರದ ಅಣಬೆ ಬೆಳೆದಿವೆ ಅಂತ ಬರೆದಿಟ್ಟ. 1810ರಲ್ಲಿ ನೀರಿಗಿಳಿದ 'ಕ್ವೀನ್ ಶಾರ್ಲೆಟ್' ಎಂಬ ಯುದ್ಧನೌಕೆಯದೂ ಇದೇ ಪಾಡು. ಸಮುದ್ರ ಯಾನಕ್ಕೆ ಮುಂಚೆಯೇ ಮರ ಹಾಳಾಗಿತ್ತು. ಹಸಿ ಮರ, ಗಾಳಿಯಾಡದ ಒಳಭಾಗ, ಇನ್ನೇನಾಗತ್ತೆ? ಬೂಷ್ಟು ತಿಂದು ಮುಗಿಸಿದ ಮೇಲೆ ಮರ ಒಣಗಿ ಬಿರುಕು ಬಿಟ್ಟು ಕೈಯಲ್ಲಿ ಹಿಡಿದರೆ ಪುಡಿಯಾಗುತ್ತೆ, ಅದಕ್ಕೇ 'ಡ್ರೈ'. ತಮಾಷೆ ಅಂದ್ರೆ, ಮನೆ ತೊಲೆಗಳನ್ನು ತಿನ್ನುವ ಡ್ರೈ ರಾಟ್ ಬೂಷ್ಟಿಗೆ ವಿಜ್ಞಾನಿಗಳಿಟ್ಟ ಹೆಸರಲ್ಲಿ 'ಲ್ಯಾಕ್ರಿಮನ್ಸ್' ಅಂತಿದೆ, ಕಣ್ಣೀರಿಡುವಂಥದ್ದು ಅಂತ. ಅದರ ಮೈಮೇಲೆ ಹನಿ ಹನಿ ನೀರು ಕೂತಿರುತ್ತೆ.

ಓಕ್ ಮರ ಸಾಲದೆ ಬಂದಾಗ ಅವರ ಕಣ್ಣು ಪಶ್ಚಿಮ ಘಟ್ಟದ ತೇಗದ ಮೇಲೆ ಬಿತ್ತು. 1806ರಲ್ಲಿ ಮಲಬಾರಿನ ಕಾಡಿಗೆ ಕ್ಯಾಪ್ಟನ್ ವಾಟ್ಸನ್ ಎಂಬವನನ್ನು ಕನ್ಸರ್ವೇಟರ್ ಅಂತ ನೇಮಿಸಿದರು. ಹುದ್ದೆಯ ಹೆಸರು ಕಾಡು ಕಾಯೋದು, ಕೆಲಸ ಮರ ಸಾಗಿಸೋದು. ಮುಂಬಯಿಯಲ್ಲಿ ತೇಗದಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ 'ಟ್ರಿಂಕೋಮಲಿ' ಇವತ್ತಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲ್ತಾ ಇದೆ. 'ಟೀಕ್' ಅನ್ನೋ ಪದವೂ ಮಲಯಾಳದ 'ತೇಕ್ಕು', ಪೋರ್ಚುಗೀಸರ ಬಾಯಿಂದ ಹೋದದ್ದು. ಸುಲಭಕ್ಕೆ ಕೊಳೆಯದ ಮರದ ಹೆಸರನ್ನು ಹೀಗೆ ನಮ್ಮ ಕಡೆಯಿಂದ ತಗೊಂಡರು. ಕೊಳೆಯ ಹೆಸರನ್ನೂ ತಗೊಂಡರು, ಅದು ಆಮೇಲೆ.

1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ನೆಲದೊಳಗೇ ಕರಗಿಹೋಯ್ತು. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಹೆಚ್ಚುಕಮ್ಮಿ ಅಷ್ಟೇ ಜನ ದೇಶ ಬಿಟ್ಟರು. ಬೆಳೆ ಹೋದದ್ದೊಂದೇ ಕಾರಣವಲ್ಲ, ಜನ ಹಸಿದಿರುವಾಗಲೂ ಆ ದೇಶದಿಂದ ಧಾನ್ಯ ಹೊರಗೆ ಹೋಗ್ತಾನೇ ಇತ್ತು. ರೋಗಕ್ಕೆ 'ಬ್ಲೈಟ್' ಅಂದರು. ಈ ಪದ ಎಲ್ಲಿಂದ ಬಂತೋ ನಿಘಂಟು ಬರೆಯುವವರಿಗೂ ಖಚಿತವಿಲ್ಲ. ಮಳೆಯಿಂದ ಕೊಳೀತು, ಬೂಷ್ಟು ಆಮೇಲೆ ಬಂತು ಅಂತ ದೊಡ್ಡ ದೊಡ್ಡವರೇ ವಾದ ಮಾಡಿದರು. ಉಲ್ಟಾ, ಬೂಷ್ಟೇ ಕಾರಣ ಅಂತ ತೋರಿಸಿಕೊಟ್ಟವನು ಜರ್ಮನಿಯ ಆಂಟನ್ ಡಿ ಬಾರಿ. 1876ರಲ್ಲಿ ಅವನು ಅದಕ್ಕೆ 'ಫೈಟಾಪ್ತೊರಾ', ಅಂದ್ರೆ ಗಿಡ ನಾಶಕ, ಅಂತ ಹೆಸರಿಟ್ಟ.

ಅದೇ 1876ರಲ್ಲಿ ಇಂಗ್ಲೆಂಡಿನ ಎಂ. ಸಿ. ಕುಕ್ ಮೈಸೂರು ಸೀಮೆಯ ಕಾಫಿ ಎಲೆ ಕೊಳೆಸುವ ಬೂಷ್ಟನ್ನು ಪರೀಕ್ಷಿಸಿ 'ಪೆಲ್ಲಿಕ್ಯುಲೇರಿಯಾ ಕೊಳೆರೋಗ' ಅಂತ ಹೆಸರಿಟ್ಟ. ನಮ್ಮ ಕೊಳೆರೋಗವೇ, ಲ್ಯಾಟಿನ್ ಹೆಸರಿನ ಬಾಲದಲ್ಲಿ! ಮೊದಲರ್ಧ ಆಮೇಲೆ ಹಲವು ಸಲ ಬದಲಾಯ್ತು. 1958ರಲ್ಲಂತೂ ಡಾಂಕ್ ಎಂಬ ವಿಜ್ಞಾನಿ 'ಕೊಳೆರೋಗ'ವನ್ನೇ ಮುಂದಕ್ಕೆ ತಂದು ಕುಲದ ಹೆಸರು ಮಾಡಿದ.

ಅಡಿಕೆಯ ಕೊಳೆ ಬೇರೆ. ಅದನ್ನು ಅಧ್ಯಯನ ಮಾಡಿದ್ದು ಮೈಸೂರು ಸರ್ಕಾರದಲ್ಲಿದ್ದ ಕೆನಡಾದ ಲೆಸ್ಲಿ ಕೋಲ್‌ಮನ್. 1910ರ ಅವನ ಇಂಗ್ಲಿಷ್ ವರದಿಯ ಶೀರ್ಷಿಕೆಯಲ್ಲೂ 'ಕೊಳೆರೋಗ' ಹಾಗೇ ಇದೆ. ಅವನು ಕಂಡುಕೊಂಡದ್ದು: ಇದೂ ಫೈಟಾಪ್ತೊರಾ. ಐರ್ಲೆಂಡಿನ ಆಲೂಗಡ್ಡೆ ತಿಂದದ್ದರ ದಾಯಾದಿ! ಅಲ್ಲಿವರೆಗೆ ನಮ್ಮವರಿಗೆ ಗೊತ್ತಿದ್ದ ಉಪಾಯ ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಡೆಯೋದು. ಕೋಲ್‌ಮನ್ ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣ ಹೊಡೆಯಲು ಹೇಳಿಕೊಟ್ಟ. ಆ ದ್ರಾವಣ ಹುಟ್ಟಿದ್ದು ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ. ದಾರಿಹೋಕರು ಹಣ್ಣು ಕದೀಬಾರದು ಅಂತ ರೈತರು ರಸ್ತೆ ಬದಿಯ ಬಳ್ಳಿಗೆ ಬಳಿದಿದ್ದರು. ಆ ಬಳ್ಳಿಗಳಿಗೆ ಮಾತ್ರ ಮಿಲ್ಡ್ಯೂ ಬಂದಿಲ್ಲ ಅನ್ನೋದನ್ನ ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿ 1885ರಲ್ಲಿ ಪ್ರಕಟಿಸಿದ.

ಆಷಾಢದಲ್ಲಿ ನಮ್ಮೂರಿಗೆ ಫೋನ್ ಮಾಡಿದರೆ ಮೊದಲ ಪ್ರಶ್ನೆ 'ಔಷಧಿ ಹೊಡೆದಾಯ್ತಾ?' ಮಳೆ ಒಂದು ವಾರ ಹೊಳವು ಕೊಡದಿದ್ದರೆ ಮರ ಹತ್ತೋಕಾಗಲ್ಲ, ಹೊಡೆದದ್ದೂ ತೊಳೆದುಹೋಗುತ್ತೆ. ಆಮೇಲೆ ಒಂದಿನ ಆ ಕಡೆಯಿಂದ 'ಕೊಳೆ ಬಂತು ಮಾರಾಯ' ಅಂತಾರೆ. ಯಾವ ಕೊಳೆ ಅಂತ ಯಾರೂ ಕೇಳಲ್ಲ.